ತಾರಸಿಗೆ ಬಳಿಸಿದ ಬಿಳಿ ಬಣ್ಣ: ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ

ಮೈಸೂರಿನ ಮನೆಗಳಿಗೆ ಫ್ಯಾನೇ ಬೇಕಿಲ್ಲ ಎಂದು ಹಿರಿಯರು ಹೇಳುತ್ತಿದ್ದ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. 2024ರ ಏಪ್ರಿಲ್‌ನಲ್ಲಿ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಯ ಅಟ್ಟದ ಮೇಲಿಟ್ಟ ಸ್ಟೀಲ್ ಡಬ್ಬಗಳು ರಾತ್ರಿ ಹನ್ನೊಂದಾದರೂ ಬೆಚ್ಚಗೇ ಇರುತ್ತಿದ್ದವು. ಫ್ಯಾನ್ ಹಾಕಿದರೆ ಸೂರಿನ ಬಿಸಿಯೇ ಹಾಸಿಗೆಗೆ ಇಳಿಯುತ್ತಿತ್ತು. ಆ ವರ್ಷದ ಜಾಗತಿಕ ಸರಾಸರಿ ತಾಪಮಾನವು ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಆಮೇಲೆ ತಿಳಿಸಿತು. ಎಸಿ ಕೊಳ್ಳುವ ಯೋಚನೆಯನ್ನು ಬದಿಗಿಟ್ಟು, ಮೇ ಮೊದಲ ವಾರದಲ್ಲಿ ತಾರಸಿಗೆ ಕೂಲ್ ರೂಫ್ ಪೇಂಟ್ ಬಳಿಸಿದೆವು.

ಈ ಉಪಾಯ ಹೊಸದೇನಲ್ಲ. 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಅಹಮದಾಬಾದ್ ಬಿಸಿಗಾಳಿಯನ್ನು ಎದುರಿಸಲು 2013ರಲ್ಲಿ ರೂಪಿಸಿದ ಯೋಜನೆಗೆ ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸವೂ ಸೇರಿತು. ನ್ಯೂಯಾರ್ಕ್ ನಗರ 2009ರಿಂದಲೇ ಇದನ್ನು ಮಾಡುತ್ತಿದೆ. ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ತಂದಿದೆ. ಇದರ ಹಿಂದಿರುವ ತತ್ತ್ವವೂ ಸರಳ: ಬಣ್ಣವು ಬಿಸಿಲನ್ನು ಹಿಂದಕ್ಕೆ ಕಳಿಸಬೇಕು, ಹೀರಿಕೊಂಡ ಅಷ್ಟಿಷ್ಟು ಶಾಖವನ್ನು ಬೇಗ ಹೊರಸೂಸಲೂಬೇಕು. ಹೊಳೆಯುವ ಜಿಂಕ್ ಶೀಟು ಮೊದಲನೆಯದನ್ನು ಮಾಡಿದರೂ ಎರಡನೆಯದರಲ್ಲಿ ಸೋಲುವುದರಿಂದಲೇ ಶೀಟಿನ ಮನೆಗಳು ಅಷ್ಟು ಕಾಯುತ್ತವೆ.

ನಮ್ಮದು ಸುಮಾರು 900 ಚದರಡಿಯ ತಾರಸಿ. ಇಪ್ಪತ್ತು ಲೀಟರಿನ ಎರಡು ಬಕೆಟ್ ಬಣ್ಣ, ಪ್ರೈಮರ್, ಕೂಲಿ ಎಲ್ಲ ಸೇರಿ 16,000 ರೂಪಾಯಿ ಖರ್ಚಾಯಿತು. ಪರಿಣಾಮ ಮೊದಲು ತಿಳಿದದ್ದು ಅಂಗಾಲಿಗೆ: ಮಧ್ಯಾಹ್ನ ಎರಡು ಗಂಟೆಗೆ ಬಟ್ಟೆ ತೆಗೆಯಲು ಹೋದಾಗ ಚಪ್ಪಲಿ ಮರೆತದ್ದು ಅರ್ಧ ತಾರಸಿ ದಾಟಿದ ಮೇಲೆ ನೆನಪಾಯಿತು. ಕೋಣೆಯ ಗೋಡೆಗೆ ನೇತುಹಾಕಿದ ಥರ್ಮಾಮೀಟರು ಮುಂದಿನ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಿಂದಿಗಿಂತ ಎರಡು, ಕೆಲವು ದಿನ ಮೂರು ಡಿಗ್ರಿ ಕಡಿಮೆ ತೋರಿಸಿತು. ಡಬ್ಬಿಯ ಮೇಲೆ ಅಚ್ಚಾದ ‘ಹತ್ತು ಡಿಗ್ರಿ ತಂಪು’ ಎಂಬುದು ಚಾವಣಿಯ ಮೇಲ್ಮೈಗೆ ಹೊಂದೀತೇ ಹೊರತು ಕೋಣೆಯ ಗಾಳಿಗಲ್ಲ. ಅದನ್ನು ನಂಬಿ ಕೊಂಡವರಿಗೆ ನಿರಾಸೆ ಖಂಡಿತ. ಆದರೂ ರಾತ್ರಿಯ ನಿದ್ದೆಯ ಮಟ್ಟಿಗೆ ಈ ಎರಡು ಡಿಗ್ರಿ ಸಣ್ಣದಲ್ಲ.

ದೂರು ಇರುವುದು ಬಣ್ಣದ ಮೇಲಲ್ಲ, ಬಳಿದವರ ಮೇಲೆ. ಕೆಲಸ ಒಪ್ಪಿಕೊಂಡ ಕಂಟ್ರಾಕ್ಟರು ಕಳಿಸಿದ ಹುಡುಗರು ತಾರಸಿಯನ್ನು ಪೊರಕೆಯಿಂದ ಗುಡಿಸಿ, ಒಂದು ಪೈಪು ನೀರು ಹಾಯಿಸಿ, ಅದು ಪೂರ್ತಿ ಒಣಗುವ ಮೊದಲೇ ಪ್ರೈಮರ್ ಹಚ್ಚಿದರು. ನೀರಿನ ಟ್ಯಾಂಕಿನ ಕೆಳಗೆ ವರ್ಷಗಳಿಂದ ಕಟ್ಟಿದ್ದ ಪಾಚಿಯನ್ನು ವೈರ್ ಬ್ರಷ್ಷಿನಿಂದ ಉಜ್ಜಲೇ ಇಲ್ಲ. ಜುಲೈ ಮಳೆಗೆ ಅಷ್ಟು ಜಾಗದ ಬಣ್ಣ ಹಪ್ಪಳದಂತೆ ಉಬ್ಬಿ, ಉಗುರು ತಾಗಿಸಿದರೆ ಹಾಳೆಹಾಳೆಯಾಗಿ ಕಿತ್ತುಬಂತು. ಫೋನ್ ಮಾಡಿದಾಗಲೆಲ್ಲ ‘ನಾಳೆ ಕಳಿಸ್ತೀನಿ ಸಾರ್’ ಎಂಬ ಉತ್ತರ, ಯಾರೂ ಬರಲಿಲ್ಲ. ಉಳಿದ ಭಾಗ ಇಂದಿಗೂ ಗಟ್ಟಿಯಾಗಿದೆ.

ಇನ್ನೆರಡು ಸಂಗತಿಗಳನ್ನು ಕೊಳ್ಳುವ ಮೊದಲು ತಿಳಿದಿರಬೇಕು. ಧೂಳು ಕೂತಷ್ಟೂ ಬಿಳುಪಿನ ಗುಣ ಕುಗ್ಗುವುದರಿಂದ ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ಸೋಪುನೀರಿನಲ್ಲಿ ತೊಳೆಯಲೇಬೇಕು. ಎರಡನೆಯದು ಪ್ರತಿಫಲನ. ಸಂಡಿಗೆ ಇಡಲು ಮೇಲೆ ಹೋದ ನಮ್ಮ ಅತ್ತೆಯವರು ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚಿಕೊಂಡು ಕೆಳಗಿಳಿದು, ಮರುದಿನದಿಂದ ಬೆಳಗ್ಗೆ ಏಳಕ್ಕೇ ಸೀರೆ ಹಾಸಿ ಕೆಲಸ ಮುಗಿಸತೊಡಗಿದರು.

ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಬಳಿದರೂ ಹೆಚ್ಚುಕಡಿಮೆ ಇದೇ ತಂಪು ಕಡಿಮೆ ಖರ್ಚಿನಲ್ಲಿ ಸಿಗುತ್ತದೆ, ಆದರೆ ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಬಾಡಿಗೆ ಮನೆಯಲ್ಲಿರುವವರಿಗೆ ನಾನು ಸುಣ್ಣವನ್ನೇ ಹೇಳುತ್ತೇನೆ. ಸ್ವಂತ ಮನೆಯವರು ಬಣ್ಣವನ್ನು ಕೊಳ್ಳಬಹುದು. ಆದರೆ ತಾರಸಿ ಉಜ್ಜುವ ದಿನ ರಜೆ ಹಾಕಿ ಪಕ್ಕದಲ್ಲೇ ನಿಂತಿರಬೇಕು. ಟ್ಯಾಂಕಿನ ಕೆಳಗಿನ ಜಾಗವನ್ನು ಕೊನೆಗೆ ನಾನೇ ಎರಡು ಭಾನುವಾರ ಕೂತು ಉಜ್ಜಿ, ಬಕೆಟ್ಟಿನ ತಳದಲ್ಲಿ ಉಳಿದಿದ್ದ ಬಣ್ಣವನ್ನು ಎರಡು ಕೋಟು ಹಚ್ಚಿದೆ.