ನಮ್ಮ ಹೌಸಿಂಗ್ ಅಸೋಸಿಯೇಷನ್‌ನ ಒಂದು ವರ್ಷ: ನೆರವು ಪೂರ್ತಿ, ದುರಸ್ತಿ ಅರ್ಧ

ಇಂಗ್ಲೆಂಡಿನಲ್ಲಿ ಒಂದು ಹೌಸಿಂಗ್ ಅಸೋಸಿಯೇಷನ್‌ನ ಮನೆಯಲ್ಲಿ ನಮ್ಮ ಕುಟುಂಬ ಆರು ವರ್ಷಗಳಿಂದ ಬಾಡಿಗೆಗಿದೆ. ಲಾಭಕ್ಕಾಗಿ ನಡೆಯದ, ಮಿಕ್ಕ ಹಣವನ್ನು ಮತ್ತೆ ಮನೆಗಳಿಗೇ ತೊಡಗಿಸುವ ಸಂಸ್ಥೆಯಿದು. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಅದರ ವಾರ್ಷಿಕ ವರದಿ ಕೈಸೇರಿದಾಗ, ಅದೇ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಈ ವಿಮರ್ಶೆ ಹಾಗೆ ಹುಟ್ಟಿದ್ದು.

ಮೊದಲು ಮನಸಾರೆ ಹೊಗಳಬೇಕಾದದ್ದನ್ನು ಹೇಳುತ್ತೇನೆ. ಬೇಸಿಗೆಯಲ್ಲಿ ನನ್ನ ಪತಿಯ ಕೆಲಸ ಹೋಯಿತು. ಆದಾಯ ಕಡಿಮೆಯಿದ್ದವರಿಗೆ ಸರ್ಕಾರ ಕೊಡುವ ನೆರವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೂ ಮೊದಲ ಹಣ ಬರಲು ಸುಮಾರು ಐದು ವಾರ ಬೇಕು. ಬಾಡಿಗೆಯ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ. ಬಾಕಿ ಬಿದ್ದ ಎರಡನೆಯ ವಾರದಲ್ಲೇ ಸಂಸ್ಥೆಯ ನೆರವು ವಿಭಾಗದ ಅಧಿಕಾರಿಯೊಬ್ಬರು ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ನಮ್ಮ ಪತ್ರಗಳನ್ನೆಲ್ಲ ಹರಡಿಕೊಂಡು, ಒಂದೊಂದನ್ನೂ ಓದಿ, ಬಾಕಿಯನ್ನು ನಮ್ಮ ಕೈಗೆಟುಕುವ ಕಂತುಗಳಾಗಿ ಒಡೆದು ಕೊಟ್ಟರು. ಮನೆಯಲ್ಲಿ ಅಗತ್ಯಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದೆಯೆಂದು ಲೆಕ್ಕವಾದರೆ ಬಾಡಿಗೆಗೆ ಸಿಗುವ ನೆರವಿನಲ್ಲಿ, ಅರ್ಹ ಬಾಡಿಗೆಯ ಶೇಕಡಾ 14ರಷ್ಟು ಕಡಿತವಾಗುತ್ತದೆ. ಆದರೆ ನಮ್ಮ ಮಗಳಿಗೆ ಹತ್ತು ವರ್ಷ ತುಂಬಿರುವುದರಿಂದ ಅವಳಿಗೂ ಅವಳ ತಮ್ಮನಿಗೂ ಬೇರೆ ಬೇರೆ ಕೋಣೆ ನಿಯಮದ ಪ್ರಕಾರವೇ ಸಲ್ಲುತ್ತದೆ ಎಂಬುದನ್ನು ಗಮನಿಸಿದವರು ಅವರೇ. ನಮಗೆ ಅದು ತಿಳಿದೇ ಇರಲಿಲ್ಲ. ಆ ದಿನ ನಮ್ಮನ್ನು ಬಾಕಿದಾರರಂತೆ ನೋಡದೆ ಮನೆಯವರಂತೆ ಮಾತನಾಡಿಸಿದ ಅವರ ರೀತಿಯನ್ನು ನಾನು ಮರೆಯಲಾರೆ.

ದುರಸ್ತಿಯ ಕಥೆ ಬೇರೆ. ನವೆಂಬರ್‌ನಲ್ಲಿ ಮಗನ ಕೋಣೆಯ ಬೀರುವನ್ನು ಸರಿಸಿದಾಗ ಹಿಂದಿನ ಗೋಡೆಯ ಮೂಲೆಗೆ ಕಪ್ಪು ಬೂಷ್ಟು ಹಿಡಿದಿತ್ತು; ಕೈಯಿಟ್ಟರೆ ಗೋಡೆ ತಣ್ಣಗೆ ಒದ್ದೆಯಾಗಿತ್ತು. 2020ರಲ್ಲಿ ರಾಚ್‌ಡೇಲ್‌ನಲ್ಲಿ ಬೂಷ್ಟು ತುಂಬಿದ ಮನೆಯಲ್ಲಿ ವಾಸವಿದ್ದು ಉಸಿರಾಟದ ತೊಂದರೆಯಿಂದ ತೀರಿಕೊಂಡ ಎರಡು ವರ್ಷದ ಕಂದ ಅವಾಬ್ ಇಶಾಕ್‌ನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ. ಅದರಂತೆ ಗಂಭೀರವಾದ ತೇವ ಮತ್ತು ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ತಪಾಸಣೆಯಾಗಬೇಕು, ಅದು ಮುಗಿದ 3 ಕೆಲಸದ ದಿನಗಳೊಳಗೆ ಅದರ ಸಾರಾಂಶ ಬರಹದಲ್ಲಿ ಬಾಡಿಗೆದಾರರಿಗೆ ಸಿಗಬೇಕು, ಅಪಾಯ ಕಂಡುಬಂದರೆ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು. ನಮ್ಮ ಸಂಸ್ಥೆ ಈ ಮೂರೂ ಗಡುವುಗಳನ್ನು ಪಾಲಿಸಿತು. ಕೆಲಸದವರು ಬಂದು ಔಷಧಿ ಹಾಕಿ ಗೋಡೆ ಒರೆಸಿ, ಬಣ್ಣ ಬಳಿದು ಹೋದರು, ಕಡತದಲ್ಲಿ ‘ಪೂರ್ಣಗೊಂಡಿದೆ’ ಎಂದು ದಾಖಲಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಹೊಸ ಬಣ್ಣದ ಮೇಲೆಯೇ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಮತ್ತೆ ಎದ್ದವು. ನಿಜವಾದ ಕಾರಣ ಹೊರಗಿತ್ತು: ಸೂರಿನ ನೀರಿನ ದೋಣಿ ಸೀಳಿ, ಮಳೆನೀರು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಏಣಿ ಹಾಕಿ ಮೇಲೆ ನೋಡಿದ್ದು ನಾನು ಲಿಖಿತ ದೂರು ಕೊಟ್ಟ ಮೇಲೆಯೇ.

ವರದಿಯಲ್ಲಿ ನನಗೆ ಕೊರತೆ ಕಂಡದ್ದು ಸರಿಯಾಗಿ ಇಲ್ಲಿಯೇ. ಇಂಥ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಿಂದ ಜಾರಿಗೆ ತಂದ ಬಾಡಿಗೆದಾರರ ತೃಪ್ತಿಯ 22 ಅಳತೆಗಳನ್ನು ವರದಿ ಚಾಚೂ ತಪ್ಪದೆ ಕೊಟ್ಟಿದೆ. ಅವುಗಳಲ್ಲಿ 12 ಬಾಡಿಗೆದಾರರ ಅಭಿಪ್ರಾಯದಿಂದ, 10 ಸಂಸ್ಥೆಯ ದಾಖಲೆಗಳಿಂದ ಬರುವಂಥವು. ದುರಸ್ತಿ ಗಡುವಿನೊಳಗೆ ಮುಗಿಯಿತೇ ಎಂಬುದಕ್ಕೆ ಅಲ್ಲಿ ಅಂಕಿಯಿದೆ. ಅದೇ ದುರಸ್ತಿಗೆ ಎರಡನೆಯ ಸಲ ಬರಬೇಕಾಯಿತೇ ಎಂಬುದಕ್ಕೆ ಇಲ್ಲ. ಆದ್ದರಿಂದ ನಮ್ಮ ಮನೆಯ ಬೂಷ್ಟು ಆ ಲೆಕ್ಕದಲ್ಲಿ ಸಕಾಲದಲ್ಲಿ ಮುಗಿದ ಎರಡು ಕೆಲಸಗಳಾಗಿ, ಸಂಸ್ಥೆಯ ಸಾಧನೆಯ ಪಾಲಿಗೆ ಸೇರಿರುತ್ತದೆ. ಕಾನೂನು ಕೇಳದಿದ್ದರೂ ಬಾಡಿಗೆದಾರರ ಹಿತ ಬಯಸುವ ಸಂಸ್ಥೆ ಈ ಅಂಕಿಯನ್ನು ತಾನಾಗಿಯೇ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೂರುಗಳ ಅಧ್ಯಾಯ ಮಾತ್ರ ಮೆಚ್ಚುವಂತಿದೆ. ಎಲ್ಲಿ ಎಡವಿದೆವು, ಏನು ಬದಲಿಸಿದೆವು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನನ್ನ ದೂರಿಗೂ ಮೊದಲ ಹಂತದ ಗಡುವಾದ 10 ಕೆಲಸದ ದಿನಗಳೊಳಗೆ ಕ್ಷಮೆಯೊಡನೆ ಉತ್ತರ ಬಂದಿತು. ಬಾಡಿಗೆ ಏರಿಕೆಯ ಪುಟವೂ ಸ್ಪಷ್ಟವಾಗಿದೆ: ಆ ವರ್ಷದ ಶೇಕಡಾ 2.7 ಏರಿಕೆ ಎಂದರೆ ಹಿಂದಿನ ಸೆಪ್ಟೆಂಬರ್‌ನ ಹಣದುಬ್ಬರ 1.7, ಅದರ ಮೇಲೆ ಒಂದು.

ಜನರ ಕಷ್ಟಕ್ಕೆ ಸ್ಪಂದಿಸುವುದರಲ್ಲಿ ಈ ಸಂಸ್ಥೆಗೆ ಐದರಲ್ಲಿ ಐದು, ದುರಸ್ತಿಯಲ್ಲಿ ಎರಡೂವರೆ ಕೊಡುತ್ತೇನೆ. ಒಂದೇ ದುರಸ್ತಿಗೆ ಮತ್ತೆ ಮತ್ತೆ ಹೋದ ಮನೆಗಳ ಎಣಿಕೆಯನ್ನು ಮುಂದಿನ ವರದಿಯಲ್ಲಿ ಸೇರಿಸಬೇಕೆಂದು ಬಾಡಿಗೆದಾರರ ಸಮಿತಿಗೆ ಪತ್ರ ಬರೆದಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಇಟ್ಟಿರುವುದಾಗಿ ಉತ್ತರ ಬಂದಿದೆ, ಆ ಸಭೆಗೆ ನಾನೂ ಹೋಗುತ್ತಿದ್ದೇನೆ.