ಚಂಡೀಗಢದ ಕೈ, ಹಿತ್ತಾಳೆಯ ಪದಕ
ಮಂಗಳೂರಿನ ಪ್ರದರ್ಶನ ಮಳಿಗೆಗಳಲ್ಲಿ ‘ವಾಸ್ತುಶಿಲ್ಪ ಆಭರಣ’ ಎಂದು ಪದಕ, ಓಲೆ ಮಾರುತ್ತಿದ್ದಾರೆ. ಬಿಲ್ಲಿನಲ್ಲಿ ಲೋಹದ ಹೆಸರು, ತೂಕ ಬರೆಸಿಕೊಳ್ಳದೆ ದುಡ್ಡು ಬಿಚ್ಚಬೇಡಿ.

ಅಕ್ಕನ ಮಗಳು ವಾಸ್ತುಶಿಲ್ಪದ ಪದವಿ ಮುಗಿಸಿದಳೆಂದು ಉಡುಗೊರೆಗೆ ಕೊಂಡದ್ದು ಚಂಡೀಗಢ ನಗರವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆಯ ‘ತೆರೆದ ಕೈ’ ಪದಕ. ಚಂಡೀಗಢದಲ್ಲಿ 26 ಮೀಟರ್ ಎತ್ತರಕ್ಕೆ ನಿಂತು ಗಾಳಿಗೆ ತಿರುಗುವ ಆ ಲೋಹದ ಕೈಯನ್ನು ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದ್ದರು. ಕೆಲಸ ಅಂದವಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಹಿಂಬದಿಯಲ್ಲಿ 925 ಎಂದು ಒತ್ತಿದ್ದರು. ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಅಯಸ್ಕಾಂತ ಹಿಡಿದು, ಅಂಟುವುದಿಲ್ಲವೆಂದೂ ತೋರಿಸಿದರು. ಹಿತ್ತಾಳೆಯೂ ಅಂಟುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ!

ನಮ್ಮ ಕರಾವಳಿಯ ಸೆಕೆ ಯಾವ ಕಲಾವಿದನ ಮುಲಾಜನ್ನೂ ನೋಡುವುದಿಲ್ಲ. ಮಳೆಗಾಲಕ್ಕೆ ಮೊದಲೇ ಪದಕದ ಬೆರಳ ತುದಿಗಳಲ್ಲಿ ಹಳದಿ ಇಣುಕಿತು, ಹುಡುಗಿಯ ಕುತ್ತಿಗೆಯಲ್ಲಿ ಹಸಿರು ಕಲೆ ಬಿತ್ತು. ಬೆಳ್ಳಿ ಕಪ್ಪಾಗುವುದು ಸಹಜ, ಉಜ್ಜಿದರೆ ಮತ್ತೆ ಬೆಳ್ಳಗಾಗುತ್ತದೆ. ಇದು ಉಜ್ಜಿದಷ್ಟೂ ಹಳದಿಯಾಯಿತು. ಪರಿಚಯದ ಆಚಾರಿಯವರು ಅಂಚಿಗೆ ಅರ ಹಾಕಿ ನೋಡಿ, “ಹಿತ್ತಾಳೆ. ಮೇಲೆ ಬೆಳ್ಳಿ ನೀರು ಅಷ್ಟೆ” ಎಂದರು.

ಮಳಿಗೆಯವರಿಗೆ ಫೋನ್ ಮಾಡಿದರೆ ಬಂದ ಉತ್ತರ: “ನೀವು ಕೊಂಡದ್ದು ವಿನ್ಯಾಸವನ್ನು, ಬಿಲ್ಲು ನೋಡಿ ಮೇಡಂ.” ನೋಡಿದೆ. ‘ಕಲಾ ಪದಕ, 1’ ಎಂದಷ್ಟೇ ಇತ್ತು. ಜೊತೆಗೆ ಕೊಟ್ಟ ದಪ್ಪ ಕಾಗದದ ಪ್ರಮಾಣಪತ್ರವನ್ನೂ ಆಗಲೇ ಪೂರ್ತಿ ಓದಿದೆ. 1985ರಲ್ಲಿ ಕಾರ್ಬುಸಿಯೆ ಸ್ವತಃ ಈ ಸ್ಮಾರಕವನ್ನು ಉದ್ಘಾಟಿಸಿದರಂತೆ. ಸ್ಮಾರಕ ನಿಂತದ್ದು 1985ರಲ್ಲೇ, ಆದರೆ ಆ ಮನುಷ್ಯ 1965ರಲ್ಲೇ ತೀರಿಕೊಂಡಿದ್ದರು. ಲೋಹದ ಬಗ್ಗೆ ಮಾತ್ರ ಅದರಲ್ಲಿ ಒಂದು ಸಾಲೂ ಇಲ್ಲ.

925 ಎಂಬ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ನೋಡಬೇಕಾದದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅಂದರೆ ಹಾಲ್‌ಮಾರ್ಕ್, ಮತ್ತು ಒಂದೊಂದು ಆಭರಣಕ್ಕೂ ಬೇರೆಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ವಿವರ ಸಿಗುತ್ತದೆ. ಬೆಳ್ಳಿಗೆ ಈ ಸಂಖ್ಯೆ ಬಂದದ್ದು 2025ರ ಸೆಪ್ಟೆಂಬರಿನಿಂದ, ಅದೂ ಕಡ್ಡಾಯವಲ್ಲ. ಹಾಗಾಗಿ ಹಾಲ್‌ಮಾರ್ಕ್ ಇಲ್ಲದ್ದೆಲ್ಲ ನಕಲಿಯಲ್ಲ. ಅಂಥದ್ದನ್ನು ಕೊಳ್ಳುವುದಾದರೆ ‘ಬೆಳ್ಳಿ 925, ಇಷ್ಟು ಗ್ರಾಂ’ ಎಂದು ಬಿಲ್ಲಿನಲ್ಲೇ ಬರೆಸಿ. ಬರೆಯಲು ತಡವರಿಸಿದರೆ ಪದಕವನ್ನು ಅಲ್ಲೇ ಇಟ್ಟು ಬನ್ನಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ. ಮುಂದಿನ ಮಳಿಗೆ ಉಡುಪಿಯಲ್ಲಿ ಎಂದು ಅವರೇ ಹೇಳಿದ್ದರು.