ಕ್ಲಾಸಿಕಲ್, ರಾಶ್, ಟೂ-ಪಿಎಲ್, ತ್ರೀ-ಪಿಎಲ್: ಒಂದೇ ಪರೀಕ್ಷೆಯ ಮೇಲೆ ನಾಲ್ಕನ್ನೂ ಹಾಕಿ ನೋಡಿದೆ

ಪರೀಕ್ಷೆಯ ಪ್ರಶ್ನೆಗಳು ಹೇಗಿವೆ, ಬಂದ ಅಂಕಕ್ಕೆ ಏನರ್ಥ ಅಂತ ಲೆಕ್ಕ ಹಾಕಿ ನೋಡುವ ನಾಲ್ಕು ವಿಧಾನಗಳು ಇವು. ಕೆಲವೇ ನೂರು ಜನ ಬರೆದ ಪರೀಕ್ಷೆ ನಿಮ್ಮ ಕೈಯಲ್ಲಿದ್ದರೆ ತ್ರೀ-ಪಿಎಲ್ ಕಡೆ ತಲೆ ಹಾಕಬೇಡಿ. ಕ್ಲಾಸಿಕಲ್‌ನಿಂದ ಪ್ರಶ್ನೆಗಳನ್ನು ಸೋಸಿ, ಆಮೇಲೆ ರಾಶ್ ಮಾಡಿ. ಇದು ನನ್ನ ತೀರ್ಮಾನ. ಯಾಕೆ ಅಂತ ಹೇಳ್ತೀನಿ.

ನನ್ನ ಹತ್ತಿರ ಇದ್ದದ್ದು 40 ಪ್ರಶ್ನೆಗಳ ಎರಡು ಸೆಟ್. ಎಲ್ಲವೂ ನಾಲ್ಕು ಆಯ್ಕೆಯ ಪ್ರಶ್ನೆಗಳು. 10 ಪ್ರಶ್ನೆ ಎರಡೂ ಸೆಟ್‌ನಲ್ಲಿ ಇದ್ದವು. ಒಂದೊಂದು ಸೆಟ್ ಬರೆದವರು 300ರ ಆಸುಪಾಸು, ಎರಡೂ ಬೇರೆ ಬೇರೆ ಬ್ಯಾಚ್. ತಿಳಿಯಬೇಕಿದ್ದದ್ದು ಎರಡು ವಿಷಯ: ಯಾವ ಪ್ರಶ್ನೆ ಕೆಟ್ಟದ್ದು, ಮತ್ತು ಒಂದು ಸೆಟ್‌ನ 25 ಅಂಕ ಇನ್ನೊಂದರ 25ಕ್ಕೆ ಸಮವಾ?

ಮೊದಲು ಕ್ಲಾಸಿಕಲ್. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಶುರು ಮಾಡಿದ ಯೋಚನೆ ಇದು. ಬಂದ ಅಂಕ ಅಂದರೆ ನಿಜವಾದ ಅಂಕ ಮತ್ತು ಒಂದಿಷ್ಟು ಏರುಪೇರು, ಅಷ್ಟೇ. ಪ್ರತಿ ಪ್ರಶ್ನೆಗೂ ಎರಡು ಸಂಖ್ಯೆ ಸಿಗುತ್ತದೆ. ಎಷ್ಟು ಪಾಲು ಜನ ಸರಿ ಮಾಡಿದರು ಅನ್ನೋದು ಒಂದು. ಇದನ್ನು ಸರಿ ಮಾಡಿದವರು ಉಳಿದ ಪ್ರಶ್ನೆಗಳಲ್ಲೂ ಚೆನ್ನಾಗಿ ಮಾಡಿದ್ದಾರಾ ಅನ್ನೋ ಕೋರಿಲೇಷನ್ ಇನ್ನೊಂದು. ಸ್ಪ್ರೆಡ್‌ಶೀಟ್ ಸಾಕು. ಕೋರಿಲೇಷನ್ ಮೈನಸ್ ಬಂದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಕೀ ಉತ್ತರ ನೋಡಿ. ನಮ್ಮಲ್ಲಿ ಹಾಗೆ ಬಂದ ಪ್ರಶ್ನೆಯ ಕೀ ತಪ್ಪೇ ಇತ್ತು, ಚೆನ್ನಾಗಿ ಓದಿದವರೇ ಅಂಕ ಕಳೆದುಕೊಂಡಿದ್ದರು. ಇದೊಂದು ಲಾಭಕ್ಕೇ ಈ ವಿಧಾನ ಬೆಲೆ ಬಾಳುತ್ತದೆ.

ಇನ್ನೊಂದು ಲಾಭವನ್ನು ಜನ ಬಳಸೋದೇ ಇಲ್ಲ. ಕೆಆರ್-20 ಅಂತ ಒಂದು ಸೂತ್ರ ಇದೆ, 1937ರದ್ದು. ಪರೀಕ್ಷೆ ಎಷ್ಟು ನಂಬಬಹುದಾದದ್ದು ಅಂತ ಒಂದೇ ಸಂಖ್ಯೆಯಲ್ಲಿ ಹೇಳುತ್ತದೆ. ಅದು 0.84 ಬಂದು, ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯ ಸುತ್ತ ಅಂಕಗಳು ಎಷ್ಟು ಹರಡಿವೆ ಅನ್ನೋ ಅಳತೆ) 6 ಇದ್ದರೆ, ಒಬ್ಬರ ಅಂಕದಲ್ಲಿ ಸುಮಾರು 2.4ರಷ್ಟು ಅಳತೆಯ ಏರುಪೇರು ಇರುತ್ತದೆ. ಅಂದರೆ 19 ಬಂದವರು ಫೇಲ್, 20 ಬಂದವರು ಪಾಸ್ ಅನ್ನೋ ಗೆರೆ ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ. ರ‍್ಯಾಂಕ್ ಪಟ್ಟಿ ಮಾಡೋರಿಗೆ ಇದನ್ನು ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ!

ಆದರೆ ಎರಡನೇ ಪ್ರಶ್ನೆಗೆ ಕ್ಲಾಸಿಕಲ್ ಕೈ ಎತ್ತಿತು. ಒಂದು ಸೆಟ್‌ನ ಸರಾಸರಿ ಕಡಿಮೆ ಬಂದಿದೆ ಅಂದರೆ ಪತ್ರಿಕೆ ಕಷ್ಟ ಇತ್ತಾ, ಬ್ಯಾಚ್ ವೀಕ್ ಇತ್ತಾ? ಬರೀ ಒಟ್ಟು ಅಂಕ ನೋಡಿ ಇದನ್ನು ಬಿಡಿಸೋಕೆ ಆಗೋದಿಲ್ಲ. ಆ 10 ಸಾಮಾನ್ಯ ಪ್ರಶ್ನೆಗಳನ್ನು ಹಿಡಿದು ಕ್ಲಾಸಿಕಲ್‌ನಲ್ಲೂ ಸರಿದೂಗಿಸುವ ದಾರಿಗಳಿವೆ, ಆದರೆ ಅಲ್ಲಿಗೆ ಬರುವಷ್ಟರಲ್ಲಿ ರಾಶ್ ಮಾಡೋದೇ ಸುಲಭ ಅನ್ನಿಸುತ್ತದೆ.

ರಾಶ್ ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿ. ಪ್ರಶ್ನೆಯ ಕಷ್ಟ ಮತ್ತು ಬರೆಯುವವರ ಸಾಮರ್ಥ್ಯ ಎರಡನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಡುತ್ತದೆ. ಆ ಪಟ್ಟಿಯ ಘಟಕ ಲಾಜಿಟ್. ಸಾಮರ್ಥ್ಯ ಮತ್ತು ಕಷ್ಟ ಸಮ ಇದ್ದರೆ ಸರಿ ಉತ್ತರದ ಸಾಧ್ಯತೆ ಶೇ. 50. ಸಾಮರ್ಥ್ಯ ಒಂದು ಲಾಜಿಟ್ ಮೇಲಿದ್ದರೆ ಶೇ. 73, ಎರಡು ಮೇಲಿದ್ದರೆ ಶೇ. 88. ಸಾಮಾನ್ಯ ಪ್ರಶ್ನೆಗಳ ಕಷ್ಟವನ್ನು ಎರಡೂ ಸೆಟ್‌ನಲ್ಲಿ ಒಂದೇ ಅಂತ ಕಟ್ಟಿಹಾಕಿದರೆ ಮಿಕ್ಕ ಪ್ರಶ್ನೆಗಳು ತಾವಾಗೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ನನಗೆ ಬಂದ ಉತ್ತರ: ಎರಡನೇ ಸೆಟ್ ನಿಜಕ್ಕೂ ಕಷ್ಟ ಇತ್ತು, ಬ್ಯಾಚ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸರಾಸರಿ ನೋಡಿ ಅಷ್ಟು ಹೊತ್ತಿಗೆ ಆ ಬ್ಯಾಚಿನವರನ್ನು ಬೈದಾಗಿತ್ತು, ಅದು ಬೇರೆ ಮಾತು.

ರಾಶ್‌ನಲ್ಲಿ ನನಗೆ ಇಷ್ಟವಾದ ಇನ್ನೊಂದು ವಿಷಯ: ಒಂದು ಅಂಕ ಎಲ್ಲ ಕಡೆ ಒಂದೇ ತೂಕದ್ದಲ್ಲ ಅನ್ನೋದು ಕಣ್ಣಿಗೆ ಕಾಣುತ್ತದೆ. 40 ಪ್ರಶ್ನೆಗಳೂ ಒಂದೇ ಕಷ್ಟದವು ಅಂತ ಇಟ್ಟುಕೊಳ್ಳಿ. 20ರಿಂದ 21ಕ್ಕೆ ಹೋಗೋದು 0.1 ಲಾಜಿಟ್. 38ರಿಂದ 39ಕ್ಕೆ ಹೋಗೋದು 0.72. ಏಳು ಪಟ್ಟು! "ಈ ಹುಡುಗ ಐದು ಅಂಕ ಮೇಲೆ ಬಂದ, ಆ ಹುಡುಗಿ ಎರಡೇ ಅಂಕ ಮೇಲೆ ಬಂದಳು" ಅಂತ ಪ್ರಗತಿ ಅಳೆಯೋರು ಇದನ್ನು ಒಮ್ಮೆ ನೋಡಬೇಕು.

ತೊಂದರೆ ಇಲ್ಲ ಅಂತಲ್ಲ. ಎಲ್ಲ ಪ್ರಶ್ನೆಗಳೂ ಒಂದೇ ಚುರುಕಿನವು, ಅಂದರೆ ಬಲ್ಲವರನ್ನು ಬಲ್ಲದವರಿಂದ ಒಂದೇ ಸಮ ಬೇರ್ಪಡಿಸುತ್ತವೆ ಅಂತ ರಾಶ್ ಹಟ ಹಿಡಿಯುತ್ತದೆ, ಊಹೆ ಮಾಡಿ ಗುರುತು ಹಾಕೋದನ್ನು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ.

ಆ ಹಟ ಬಿಟ್ಟರೆ ಟೂ-ಪಿಎಲ್, ಅಂದರೆ ಪ್ರತಿ ಪ್ರಶ್ನೆಗೂ ಕಷ್ಟ, ಚುರುಕು ಅಂತ ಎರಡು ಸಂಖ್ಯೆ ಇರುವ ಮಾದರಿ. ಪ್ರತಿ ಪ್ರಶ್ನೆಗೂ ತನ್ನದೇ ಚುರುಕು. ಆರ್ ಅನ್ನೋ ಲೆಕ್ಕಾಚಾರದ ಸಾಫ್ಟ್‌ವೇರ್‌ನಲ್ಲಿ ಮಿರ್ಟ್ ಅನ್ನೋ ಪ್ಯಾಕೇಜ್ ಇದೆ, ಒಂದೇ ಸಾಲು ಬದಲಾಯಿಸಿದರೆ ಆಯಿತು. ಡೇಟಾಗೆ ಇದು ರಾಶ್‌ಗಿಂತ ಚೆನ್ನಾಗೇ ಹೊಂದಿತು, ಸುಳ್ಳು ಹೇಳೋದಿಲ್ಲ. ಹಲವು ದೇಶಗಳ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯವರು ಕೂಡ 2012ರವರೆಗೆ ರಾಶ್ ಬಳಗದಲ್ಲಿದ್ದು 2015ರಲ್ಲಿ ಈ ಕಡೆ ಬಂದರು. ಆದರೆ ಇಲ್ಲಿ ಒಂದು ತಲೆನೋವು. ರಾಶ್‌ನಲ್ಲಿ ಒಂದೇ ಸೆಟ್ ಬರೆದು ಇಬ್ಬರಿಗೆ 25 ಬಂದರೆ ಇಬ್ಬರ ಸಾಮರ್ಥ್ಯವೂ ಒಂದೇ. ಟೂ-ಪಿಎಲ್‌ನಲ್ಲಿ ಯಾವ 25 ಸರಿ ಮಾಡಿದರು ಅನ್ನೋದರ ಮೇಲೆ ಬೇರೆ ಬೇರೆ ಬರುತ್ತದೆ. "ಇಬ್ಬರಿಗೂ 25, ಆದರೆ ನಿಮ್ಮ ಮಗು ಕೆಳಗೆ" ಅಂತ ಪೋಷಕರಿಗೆ ಹೇಗೆ ಹೇಳ್ತೀರಾ? ಪ್ರಶ್ನೆಗಳ ಬ್ಯಾಂಕ್ ಕಟ್ಟೋಕೆ ಇದು ಒಳ್ಳೆಯದು, ಫಲಿತಾಂಶ ಕೊಡೋಕೆ ನಾನಂತೂ ಬಳಸೋದಿಲ್ಲ.

ತ್ರೀ-ಪಿಎಲ್ ಊಹೆಗೂ ಒಂದು ಸಂಖ್ಯೆ ಸೇರಿಸುತ್ತದೆ. ನಾಲ್ಕು ಆಯ್ಕೆ ಇದ್ದರೆ ಅದು 0.25ರ ಹತ್ತಿರ ಇರಬೇಕು ಅಲ್ವಾ? ನನಗೆ ಎಲ್ಲೆಲ್ಲೋ ಬಂತು, ಅದೂ ಸುಲಭದ ಪ್ರಶ್ನೆಗಳಲ್ಲಿ ಏನೇನೋ. ಕಾರಣ ಸರಳ. ಊಹೆ ಎಷ್ಟು ಅಂತ ಗೊತ್ತಾಗೋದು ಉತ್ತರ ಗೊತ್ತೇ ಇಲ್ಲದವರಿಂದ. ಸುಲಭದ ಪ್ರಶ್ನೆಗೆ ಅಂಥವರು ಎಷ್ಟು ಜನ ಸಿಗುತ್ತಾರೆ? ಹಲವು ದೇಶಗಳಲ್ಲಿ ಸಾವಿರಾರು ಜನ ಬರೆಯುವ, ಟಿಮ್ಸ್ ಅನ್ನೋ ಗಣಿತ-ವಿಜ್ಞಾನ ಪರೀಕ್ಷೆಯಂಥದ್ದಕ್ಕೆ ಇದು ನಡೆಯುತ್ತದೆ. ನಮ್ಮಂಥವರಿಗೆ ಸುಮ್ನೆ ಯಾಕೆ?

ನಾಲ್ಕಕ್ಕೂ ಮೊದಲೇ ನೀವೇ ತೀರ್ಮಾನ ಮಾಡಬೇಕಾದ ಒಂದು ವಿಷಯ ಇದೆ. ಸಮಯ ಸಾಲದೆ ಕೊನೆಯ ಪ್ರಶ್ನೆಗಳನ್ನು ಖಾಲಿ ಬಿಟ್ಟವರದ್ದು ತಪ್ಪಾ, ಅಥವಾ ಕೇಳಿಯೇ ಇಲ್ಲ ಅಂತಾನಾ? ಟಿಮ್ಸ್‌ನವರು ಪ್ರಶ್ನೆಯ ಕಷ್ಟ ಅಳೆಯುವಾಗ ಕೇಳಿಯೇ ಇಲ್ಲ ಅಂತ ಬಿಡುತ್ತಾರೆ, ಮಕ್ಕಳ ಸಾಮರ್ಥ್ಯ ಲೆಕ್ಕ ಹಾಕುವಾಗ ತಪ್ಪು ಅಂತಲೇ ಹಿಡಿಯುತ್ತಾರೆ. ನಾನೂ ಹಾಗೇ ಮಾಡಿದೆ. ಎಲ್ಲವನ್ನೂ ತಪ್ಪು ಅಂತ ಹಾಕಿ ಇನ್ನೊಮ್ಮೆ ಓಡಿಸಿದಾಗ ಕೊನೆಯ ಪ್ರಶ್ನೆಗಳು ಇರೋದಕ್ಕಿಂತ ತುಂಬಾ ಕಷ್ಟ ಅಂತ ತೋರಿಸಿದವು. ಕ್ಲಾಸಿಕಲ್ಲೋ ರಾಶೋ ಅನ್ನೋದಕ್ಕಿಂತ ಅಲ್ಲೇ ಜಾಸ್ತಿ ವ್ಯತ್ಯಾಸ ಬಂತು.